ಮಡಚಿದ ಬೆರಳು

ಆ ಮಗು ತಿರುಗಿ ತಾಯಿಯ ಮುಖ ನೋಡಿತೋ ಇಲ್ಲವೋ, ಈಗ ನಾನು ಖಚಿತವಾಗಿ ಹೇಳಲಾರೆ. ನೋಡಿತು ಎಂದು ಅಂದು ಹೇಳಿದ್ದೆ. ನನ್ನ ಮಾತನ್ನು ನಂಬಿ ಒಂದು ಮನೆಯವರು ಒಂದು ತೀರ್ಮಾನಕ್ಕೂ ಬಂದರು. ಕಣ್ಣು ಮುಚ್ಚಿದರೆ ಆ ನೋಟ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣುವುದೇ ನನ್ನ ಅನುಮಾನಕ್ಕೆ ಕಾರಣ. ನನ್ನ ನೆನಪುಗಳಲ್ಲಿ ನಿಜವಾದವು ಸಾಮಾನ್ಯವಾಗಿ ಅಸ್ತವ್ಯಸ್ತವಾಗಿರುತ್ತವೆ. ಮುಖ ಇದ್ದರೆ ಊರು ಇರುವುದಿಲ್ಲ, ಊರು ಇದ್ದರೆ ಮಾತು ಇರುವುದಿಲ್ಲ. ಇದರಲ್ಲಿ ಮಾತ್ರ ಚಪ್ಪರದ ನೆರಳು, ಮಗುವಿನ ಕಾಲಿನ ಧೂಳು, ತಾಯಿಯ ಕೈಯಲ್ಲಿದ್ದ ಚೊಂಬು ಎಲ್ಲವೂ ತಮ್ಮತಮ್ಮ ಜಾಗದಲ್ಲಿವೆ, ಯಾರೋ ಆಮೇಲೆ ಕೂತು ಜೋಡಿಸಿಟ್ಟ ಹಾಗೆ. ಜೋಡಿಸಿದವನು ನಾನೇ ಇರಬೇಕು.

ಆಗ ನಾನು ಮಧುಗಿರಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ, ಮುಂದೆ ಓದಲು ಹೊರಟು ಅರ್ಧಕ್ಕೇ ಬಿಟ್ಟು, ಒಂದು ಕಡೆ ನಿಲ್ಲಲಾಗದೆ ಊರಿಂದೂರಿಗೆ ಹೋಗುತ್ತಿದ್ದ ಕಾಲ. ಆಗ ಒಂದು ಸಂಶೋಧನಾ ಯೋಜನೆಯಲ್ಲಿ ಸಿಕ್ಕಿದ ಕೆಲಸ ಇದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಿಗೆ ಹೋಗಿ, ಎಳೆಯ ಮಕ್ಕಳು ಜನರ ಜೊತೆ ಹೇಗೆ ಬೆರೆಯುತ್ತವೆ ಎಂದು ನೋಡಬೇಕು. ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ಚೆಂಡು ಉರುಳಿಸಿದರೆ ವಾಪಸ್ ಉರುಳಿಸುತ್ತದೆಯೇ? ಇನ್ನೊಂದು ಮಗು ಅತ್ತರೆ ಏನು ಮಾಡುತ್ತದೆ? ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿತ್ತು. ಮಗು ದೂರದ ಯಾವುದನ್ನಾದರೂ ಬೆರಳು ಮಾಡಿ ತೋರಿಸಿ, ನೀವೂ ಅದನ್ನು ನೋಡಿದಿರಾ ಎಂದು ತಿರುಗಿ ನಿಮ್ಮ ಮುಖ ನೋಡಬೇಕು. ಕೇಳಲು ಸಣ್ಣ ವಿಷಯ. ಆದರೆ ನಾನು ನೋಡಿದ್ದನ್ನು ನೀನೂ ನೋಡು ಎಂದು ಮಗುವಿಗೆ ಅನಿಸಿದ ದಿನ ಅದು ಜನರ ನಡುವೆ ಬಂದು ಸೇರಿಕೊಂಡಿತು ಎಂದು ನಮಗೆ ಕಲಿಸಿದ್ದರು. ಕಲಿಸಿದ ಬಹಳಷ್ಟನ್ನು ನಾನು ನಂಬಿರಲಿಲ್ಲ. ಇದನ್ನು ಮಾತ್ರ ನಂಬಿದ್ದೆ.

ಹೆಗಲ ಚೀಲದಲ್ಲಿ ಒಂದು ಚೆಂಡು, ಒಂದು ಬಟ್ಟೆ ಗೊಂಬೆ, ಒಂದು ಪ್ಲಾಸ್ಟಿಕ್ ಲೋಟ, ಒಂದು ಕನ್ನಡಿ ಇರುತ್ತಿದ್ದವು. ಶಿರಾದ ಒಂದು ಗಲ್ಲಿಯಲ್ಲಿ ಒಬ್ಬಳು ಪುಟಾಣಿ ಖಾಲಿ ಲೋಟದಿಂದ ಗೊಂಬೆಗೆ ಚಹಾ ಕುಡಿಸಿ, ನನಗೂ ಕುಡಿಸಿ, ಬಾಯಿ ಒರೆಸಿಕೋ ಎಂದು ತನ್ನ ಫ್ರಾಕಿನ ಅಂಚು ಕೊಟ್ಟಿದ್ದಳು. ಕೊರಟಗೆರೆ ಕಡೆಯ ಒಬ್ಬ ಚೆಂಡು ಎತ್ತಿಕೊಂಡು ಓಡಿಹೋದವನು ಅಜ್ಜಿಯ ಸೊಂಟದ ಮೇಲೆ ಕೂತು ವಾಪಸ್ ಬಂದ. ಚೆಂಡು ಕೊಡಲಿಲ್ಲ. ಇಬ್ಬರ ಬಗ್ಗೆಯೂ ಯಾವ ಚಿಂತೆಯೂ ಇಲ್ಲ ಎಂದು ಬರೆದು ಬಸ್ಸು ಹತ್ತಿದೆ.

ದಿನವೆಲ್ಲ ಮಕ್ಕಳು ಜನರ ಜೊತೆ ಬೆರೆಯುವುದನ್ನು ಅಳೆದು ಸಂಜೆ ರೂಮಿನ ಬೀಗ ತೆಗೆದರೆ, ಬೆಳಿಗ್ಗೆ ಕುಡಿದಿಟ್ಟ ಲೋಟ ಕಿಟಕಿಯಲ್ಲಿ ಇಟ್ಟ ಹಾಗೇ ಇರುತ್ತಿತ್ತು. ಅದನ್ನು ಬೇರೆ ಯಾರೂ ಅಲುಗಾಡಿಸಿಲ್ಲ ಎನ್ನುವುದು ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಕಿಟಕಿಯ ತುಂಬ ಬೆಟ್ಟದ ಬಂಡೆ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಹೋದರೆ ಎಲೆ ಹಾಕುವವನು ದಿನಾ ಕೇಳುತ್ತಿದ್ದ, "ಏನ್ ಸಾ, ಇವತ್ತೂ ಒಂದೇ ಎಲೇನಾ?" ಅವನು ತಮಾಷೆಗೆ ಕೇಳುತ್ತಿದ್ದ. ನಾನೂ ನಕ್ಕು, ಒಂದೇ ಎನ್ನುತ್ತಿದ್ದೆ. ಎಷ್ಟೋ ದಿನ ಕೆಲಸದ ಹೊರಗೆ ನಾನು ಆಡಿದ ಮಾತು ಅದೊಂದೇ ಆಗಿರುತ್ತಿತ್ತು.

ಪಾವಗಡ ತಾಲ್ಲೂಕಿನ ಆ ಮನೆಗೆ ನನ್ನನ್ನು ಕರೆದುಕೊಂಡು ಹೋದವರು ಅಂಗನವಾಡಿ ಟೀಚರ್. ರಾಯಚರ್ಲು ದಾಟಿ ಸ್ವಲ್ಪ ದೂರ ಹೋದರೆ ಸೋಲಾರ್ ಪ್ಯಾನೆಲ್‌ಗಳ ಸಾಲು ಶುರುವಾಗುತ್ತದೆ. ಆ ಸಾಲುಗಳ ಬೇಲಿಗೆ ಅಂಟಿಕೊಂಡ ಹಾಗೆ ಮನೆ. ಹಿಂದೆ ಅಲ್ಲಿ ಇನ್ನೂ ಕೆಲವು ಮನೆಗಳಿದ್ದವಂತೆ. ಸುತ್ತಲಿನ ಹೊಲಗಳು ಪ್ಯಾನೆಲ್‌ಗಳ ಕೆಳಗೆ ಹೋದ ಮೇಲೆ ಅವರೆಲ್ಲ ಊರೊಳಕ್ಕೆ ಹೋದರು. ಇವರು ಹೋಗಲಿಲ್ಲ. ಗಂಡ ಪ್ಯಾನೆಲ್ ತೊಳೆಯುವ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಕೆಲಸದ ಜಾಗ ಮನೆ ಮುಂದೆಯೇ ಇತ್ತು. ಹೆಂಡತಿ ಗಡಿಯ ಆಚೆಯ ಆಂಧ್ರದ ಹಳ್ಳಿಯವಳು, ತೆಲುಗು ಮನೆಮಾತು. ಅವರಿಗೆ ಎರಡು ತುಂಬಿದ ಒಂದು ಹೆಣ್ಣು ಮಗು.

"ಈ ಮಗು ಸೆಂಟರಿಗೆ ಬರಲ್ಲ ಸರ್," ಎಂದು ಟೀಚರ್ ದಾರಿಯಲ್ಲಿ ಹೇಳಿದ್ದರು. "ಮನೇಲೇ ಇರುತ್ತೆ. ಅವರ ಅಪ್ಪನ ಅಕ್ಕ ಶಿರಾದಿಂದ ಬಂದಿದ್ದಾರೆ. ಅವರು ಕೇಳೋದಕ್ಕೆಲ್ಲ ನೀವು ಉತ್ತರ ಕೊಡಬೇಕು, ನನ್ನ ಕೈಲಾಗಲ್ಲ."

ಶಿರಾದ ಆ ಹೆಂಗಸು ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಚೀಲ ಇಳಿಸುವ ಮೊದಲೇ ಶುರು ಮಾಡಿದರು.

"ಬನ್ನಿ ಸಾ, ಕುಂತ್ಕಳಿ. ನೋಡಿ, ಎರ್ಡ್ ವರ್ಸ ತುಂಬ್ತು. ಮಾತಿಲ್ಲ, ಕತೆಯಿಲ್ಲ. ಕರುದ್ರೆ ತಿರ್ಗಲ್ಲ. ಅವ್ವ ತೆಲುಗು, ಅಪ್ಪ ಕನ್ನಡ. ಯಾವ್ ಕಡೀಕ್ ಹೋಗ್ಬೇಕು ಅಂತ ಗೊತ್ತಾಗ್ದೆ ಬಾಯೇ ಮುಚ್ಕಂಡ್ಬುಟ್ಟೈತೆ."

ಒಳಗಿನಿಂದ ಮಗುವಿನ ತಾಯಿ ಹೇಳಿದಳು, "ನಾನು ಕರೆದ್ರೆ ತಿರುಗುತ್ತೆ ವದಿನಾ." ಗಂಡನ ಅಕ್ಕನನ್ನು ಅವಳು ತೆಲುಗಿನಲ್ಲಿ ವದಿನ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದಳು.

"ನೀ ಕರುದ್ರೆ ಕೋಳೀನೂ ತಿರುಗ್ತೈತೆ ಕಣಮ್ಮ, ಕಾಳಾಕ್ತೀಯ ಅಂತ."

ಅತ್ತಿಗೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. ಶಿರಾದಲ್ಲಿ ಅವರ ಗಲ್ಲಿಯಲ್ಲಿ ಮನೆಗೊಂದು ಮಗುವಿದೆ, ಅವರದೇ ಇಬ್ಬರು. ಈ ಮಗುವನ್ನು ಕರೆದುಕೊಂಡು ಹೋಗಿ ಒಂದೆರಡು ವರ್ಷ ಇಟ್ಟುಕೊಂಡರೆ ತಾನಾಗಿಯೇ ಮಾತು ಬರುತ್ತದೆ. ತಮ್ಮ ಒಪ್ಪಿದ್ದಾನೆ. ಇವಳು ಒಪ್ಪುತ್ತಿಲ್ಲ. ಓದಿದವರು ಒಂದು ಮಾತು ಹೇಳಿದರೆ ಒಪ್ಪುತ್ತಾಳೆ.

"ಇಲ್ಲಿ ಯಾರ್ ಅವ್ರೆ ಸಾ, ನೀವೇ ನೋಡಿ. ಈ ಗಾಜ್ ಜೊತೆ ಮಾತಾಡ್ತದಾ ಮಗು? ಬಿಲ್ಕುಲ್ ಒಂಟಿ."

ಅವರು ಕೆಟ್ಟವರಾಗಿರಲಿಲ್ಲ. ಮಗುವಿಗೆ ಶಿರಾದಿಂದ ಬಳೆ, ಬಿಸ್ಕತ್ತು, ಬಣ್ಣದ ಚಪ್ಪಲಿ ತಂದಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಬೇಲಿಯಾಚೆ ಕಣ್ಣು ಹಾಯುವ ತನಕ ಪ್ಯಾನೆಲ್‌ಗಳು ಒಂದೇ ಕಡೆ ಮುಖ ಮಾಡಿ ಮಲಗಿದ್ದವು. ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮಗು ಬಾಗಿಲ ಪಕ್ಕ ನಿಂತಿತ್ತು. ಹೆಸರು ಕರೆದೆ, ತಿರುಗಲಿಲ್ಲ. ಚೆಂಡು ಉರುಳಿಸಿದೆ, ಚೆಂಡು ಅದರ ಕಾಲಿಗೆ ತಗುಲಿ ನಿಂತಿತು. ಮಗು ಕಾಲು ತೆಗೆದು ಪಕ್ಕಕ್ಕೆ ಇಟ್ಟುಕೊಂಡಿತು. ಗೊಂಬೆ, ಲೋಟ, ಕನ್ನಡಿ, ಯಾವುದೂ ಬೇಡ. ದೂರದಲ್ಲಿ ತಂದೆಯ ಟ್ಯಾಂಕರ್ ಹೋಗುತ್ತಿತ್ತು. "ಅಪ್ಪ ಎಲ್ಲಿ? ತೋರಿಸು," ಎಂದೆ. ಮಗು ಕೈ ಎತ್ತಿತು, ಆದರೆ ಮುಷ್ಟಿ ಬಿಗಿದಿತ್ತು. ಏಟು ಹಾಕಲು ಎತ್ತಿದ ಕೈಯ ಹಾಗೆ ಒಂದು ಗಳಿಗೆ ಮೇಲಿದ್ದು ಇಳಿಯಿತು. ಎಳೆಯ ಮಕ್ಕಳು ಹಾಗೆ ಕೈ ಎತ್ತಿ ಇಳಿಸುವುದಕ್ಕೆ ಸಾವಿರ ಕಾರಣಗಳಿರುತ್ತವೆ.

"ನೋಡಿದ್ರಾ," ಎಂದರು ಅತ್ತಿಗೆ.

ಒಂದು ದಿನದಲ್ಲಿ ಹೇಳಲಾಗುವುದಿಲ್ಲ, ಹೊಸಬರನ್ನು ಕಂಡರೆ ಮಕ್ಕಳು ಹಾಗೇ, ಇನ್ನೊಂದು ಸಲ ಬರುತ್ತೇನೆ ಎಂದೆ.

"ಇನ್ನೊಂದ್ ಸಲ ಅಂದ್ರೆ ಬರೋ ವರ್ಸನಾ? ಸೋಮ್ವಾರ ಬಸ್ ಹತ್ತೀನಿ ನಾನು. ಅಷ್ಟ್ರೊಳ್ಗೆ ಬಂದು ಹೇಳ್ಬುಡಿ. ನಮ್ ತಮ್ಮ ನೀವ್ ಹೇಳ್ದಂಗೆ ಕೇಳ್ತಾನೆ."

ಅಷ್ಟು ಹೊತ್ತಿಗೆ ತಂದೆ ಟ್ಯಾಂಕರ್ ನಿಲ್ಲಿಸಿ ಬಂದಿದ್ದ. ತಲೆ ಅಲ್ಲಾಡಿಸಿದ. "ಹೌದು ಸಾ. ನೀವ್ ಸರಿ ಐತೆ ಅಂದ್ರೆ ಇಲ್ಲೇ ಇರ್ಲಿ. ಇಲ್ಲ ಅಂದ್ರೆ ಅಕ್ಕ ಕರ್ಕಂಡೋಗ್ಲಿ. ನಮಗೆ ಮಗು ಮಾತಾಡಿದ್ರೆ ಸಾಕು."

ನಾನು ಹೊರಟಾಗ ಮಗುವಿನ ತಾಯಿ ನೀರಿನ ಚೊಂಬು ತಂದುಕೊಟ್ಟಳು. ಕುಡಿದು ವಾಪಸ್ ಕೊಡುವಾಗ ಅವಳು ಚೊಂಬು ಹಿಡಿದುಕೊಳ್ಳಲಿಲ್ಲ. ಏನೋ ಕೇಳಬೇಕು ಎನ್ನುವ ಹಾಗೆ ನಿಂತಿದ್ದಳು. ಕೊನೆಗೆ ಕೇಳಿದ್ದು ಇಷ್ಟೇ, "ಮಧುಗಿರಿಯಿಂದ ಬಂದ್ರಾ ಸಾ? ಬಸ್ಸಲ್ಲಿ?"

ಮಧುಗಿರಿಗೆ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಕುರಿಮರಿ ಹಿಡಿದುಕೊಂಡು ಕೂತಿದ್ದ. ದಾರಿಯುದ್ದಕ್ಕೂ ಅದಕ್ಕೆ ಏನೇನೋ ಹೇಳುತ್ತಾ ಬಂದ. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ. ಆ ದಿನಗಳಲ್ಲಿ ನನ್ನ ಅಮ್ಮ ತೀರಿಹೋಗಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಮೂರು ತುಂಬುವವರೆಗೂ ಬಾಯಿ ಬಿಡಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಮೊದಲ ಮಾತು ಯಾವುದು ಎಂದರೆ ಒಂದು ಸಲ "ನೀರು" ಎನ್ನುತ್ತಿದ್ದಳು, ಇನ್ನೊಂದು ಸಲ "ಬಸ್ಸು" ಎನ್ನುತ್ತಿದ್ದಳು. ಎರಡರಲ್ಲಿ ಯಾವುದು ನಿಜ ಎಂದು ಒಮ್ಮೆ ಪಟ್ಟು ಹಿಡಿದು ಕೇಳಿದ್ದೆ. "ಎರಡೂ ಇರ್ಲಿ ಬಿಡೋ, ಮಾತು ಬಂತಲ್ಲ," ಎಂದಿದ್ದಳು. ಈಗ ಅದನ್ನು ಕೇಳಲು ಯಾರೂ ಉಳಿದಿಲ್ಲ. ನನ್ನ ಮೊದಲ ಮಾತು ನನಗೆ ಮಾತ್ರ ಸಂಬಂಧಪಟ್ಟ ಸಂಗತಿ, ಅದು ನನಗೇ ಗೊತ್ತಿಲ್ಲ.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ವಾರ ನಾನು ಆ ಮಗುವಿನ ಪಕ್ಷ ವಹಿಸಿಬಿಟ್ಟಿದ್ದೆನೋ ಎನ್ನುವ ಅನುಮಾನ ನನಗಿದೆ. ಒಬ್ಬನೇ ಇರುವ ಮನುಷ್ಯ ಒಂಟಿ ಮಗುವನ್ನು ನೋಡಿ, ಇದಕ್ಕೇನೂ ಆಗಿಲ್ಲ ಎಂದು ಸಾಬೀತು ಮಾಡಲು ಹೊರಟರೆ ಅವನ ಕಣ್ಣನ್ನು ಎಷ್ಟು ನಂಬಬಹುದು? ಅಳೆಯಲು ಹೋದವನಿಗೆ ಉತ್ತರ ಮೊದಲೇ ಬೇಕಾಗಿದ್ದರೆ ಅಳತೆಗೆ ಅರ್ಥವಿಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು.

ಭಾನುವಾರ ಮತ್ತೆ ಹೋದೆ. ಟೀಚರ್‌ಗೆ ರಜೆ, ಒಬ್ಬನೇ ಹೋದೆ. ಅತ್ತಿಗೆ ಒಳಗೆ ಒಲೆಯ ಮುಂದೆ ಇದ್ದರು, ಊರಿಗೆ ಒಯ್ಯಲು ಏನೋ ಕರಿಯುತ್ತಿದ್ದ ಎಣ್ಣೆಯ ವಾಸನೆ. ತಂದೆ ಅಂಗಳದ ಆ ತುದಿಯಲ್ಲಿ ಟ್ಯಾಂಕರಿನ ಕೆಳಗೆ ಮಲಗಿ ಏನನ್ನೋ ಬಿಗಿಮಾಡುತ್ತಿದ್ದ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಮನೆಯ ಪಕ್ಕದಲ್ಲಿ ಒಂದು ಸೋರೆ ಬಳ್ಳಿಯ ಚಪ್ಪರ ಇತ್ತು. ಮೊದಲ ಸಲ ಬಂದಾಗ ನಾನು ಅದನ್ನು ಗಮನಿಸಿರಲಿಲ್ಲ. ಮಗುವಿನ ತಾಯಿ ಚೊಂಬಿನಿಂದ ಬುಡಕ್ಕೆ ನೀರು ಹಾಕುತ್ತಿದ್ದಳು. ಸುತ್ತಲೂ ಒಣಗಿದ ಬಣ್ಣದ ನಡುವೆ ಅದೊಂದೇ ಹಸಿರು. ನಾನು ಈ ಸಲ ಚೀಲ ಬಿಚ್ಚಲಿಲ್ಲ. ಚಪ್ಪರದ ನೆರಳಿನಲ್ಲಿದ್ದ ಕಲ್ಲಿನ ಮೇಲೆ ಕೂತು ಸುಮ್ಮನಿದ್ದೆ. ಮಗು ತಾಯಿಯ ಸೀರೆ ಹಿಡಿದು ನಿಂತಿತ್ತು.

ಸುಮ್ಮನೆ ಕೂತು ಬೇಸರವಾಗಿ ಮೇಲೆ ನೋಡಿದೆ. ಚಪ್ಪರದ ಗಳದಿಂದ ಒಂದು ಎಳೆ ಸೋರೆ ಇಳಿದಿತ್ತು, ಬೆರಳುದ್ದ, ಮೈಮೇಲೆ ಇನ್ನೂ ನುಣುಪಾದ ರೋಮ. ತುದಿಯಲ್ಲಿ ಬಾಡಿದ ಬಿಳಿ ಹೂವು ಅಂಟಿಕೊಂಡಿತ್ತು. "ಒಳ್ಳೆ ಕಾಯಿ ಬರುತ್ತಲ್ಲಮ್ಮ ಇದು," ಎಂದು ಬೆರಳು ಚಾಚಿ ತೋರಿಸಿದೆ.

"ಅಯ್ಯಯ್ಯೋ ಸಾ!" ಎಂದು ತಾಯಿ ಕೂಗಿದಳು. ಚೊಂಬಿನ ನೀರು ಅವಳ ಕಾಲ ಮೇಲೆ ಚೆಲ್ಲಿತು. "ಬೆರಳು ಮಡ್ಚಿ, ಬೆರಳು ಮಡ್ಚಿ! ಪಿಂದೆ ಅದು!"

ಹೀಚಿಗೆ ಅವಳ ಕಡೆ ಪಿಂದೆ ಎನ್ನುತ್ತಾರೆ. ನನಗೆ ಅರ್ಥವಾಗಲಿಲ್ಲ. ಬೆರಳು ಚಾಚಿಕೊಂಡೇ ಅವಳ ಕಡೆ ನೋಡುತ್ತಿದ್ದೆ. ಆಗ ನಡೆದದ್ದು ನನ್ನ ನೆನಪಿನ ಪ್ರಕಾರ ಹೀಗೆ. ಮಗು ಸೀರೆ ಬಿಟ್ಟಿತು. ನನ್ನ ಹತ್ತಿರ ನಡೆದು ಬಂತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆಳೆದು, ಚಾಚಿದ್ದ ಬೆರಳನ್ನು ಒತ್ತಿ ಒಳಕ್ಕೆ ಮಡಚಿತು. ಬೆರಳು ಮತ್ತೆ ಸ್ವಲ್ಪ ತೆರೆದುಕೊಂಡಿತು. ಮತ್ತೆ ಒತ್ತಿತು. ಆಮೇಲೆ ನನ್ನ ಮುಷ್ಟಿಯನ್ನು ಸೋರೆಯ ಕಡೆಗೆ ಎತ್ತಿ ಹಿಡಿದು, ತಿರುಗಿ ತಾಯಿಯ ಮುಖ ನೋಡಿತು. ಸರಿಯಾಯಿತಾ ಎಂದು ಕೇಳುವ ಹಾಗೆ.

ತಾಯಿ ನಾಚಿಕೊಂಡು ವಿವರಿಸಿದಳು. ಎಳೆಗಾಯಿಗೆ ಬೆರಳು ತೋರಿಸಬಾರದು. "ಕುಳ್ಳಿಪೋತುಂದಿ ಸಾ. ಕೊಳ್ತೋಗುತ್ತೆ. ತೋರಿಸ್ಲೇಬೇಕು ಅಂದ್ರೆ ಹಿಂಗೆ." ಅವಳು ತೋರುಬೆರಳನ್ನು ಅರ್ಧ ಮಡಚಿ, ಗೆಣ್ಣಿನಿಂದ ತೋರಿಸಿದಳು. "ಇವಳು ನಡೆಯಕ್ ಬಂದಾಗ್ಲಿಂದ ಈ ಚಪ್ಪರದ ಕೆಳಗೇ ಸಾ. ಏನ್ ಕಂಡ್ರೂ ಬೆರಳು ತೋರ್ಸೋಳು. ಒಂದ್ ಕಾಯೂ ಉಳಿಯಲ್ಲ ಅಂತ ಬೆರಳು ಮಡ್ಚಿ ಮಡ್ಚಿ ಅಭ್ಯಾಸ ಮಾಡ್ಸಿಬಿಟ್ಟೆ. ಈಗ ಕಾಗೆ ತೋರ್ಸಿದ್ರೂ ಹಿಂಗೇ, ಅವ್ರಪ್ಪನ್ನ ತೋರ್ಸಿದ್ರೂ ಹಿಂಗೇ."

ಏಟು ಹಾಕಲು ಎತ್ತಿದಂತಿದ್ದ ಆ ಮುಷ್ಟಿ ನೆನಪಾಯಿತು. ಅಂದು ಮಗು ತಂದೆಯ ಟ್ಯಾಂಕರನ್ನು ತೋರಿಸಿತ್ತು.

ನನ್ನ ಕೈ ಇನ್ನೂ ಮಗುವಿನ ಕೈಯಲ್ಲೇ ಇತ್ತು. ಬಿಸಿಯಾಗಿ, ಸ್ವಲ್ಪ ಅಂಟಂಟಾಗಿ. ನನ್ನ ಕೈಯನ್ನು ಇನ್ನೊಬ್ಬರು ಹಿಡಿದು ಎಷ್ಟು ಕಾಲವಾಗಿತ್ತು ಎಂದು ಯೋಚಿಸಲು ಹೋಗಿ ನಿಲ್ಲಿಸಿದೆ. ಕೈ ಬಿಡಿಸಿಕೊಳ್ಳಬೇಕಾದ್ದು ನಾನೇ ಎಂದು ತಿಳಿದಿತ್ತು. ಸ್ವಲ್ಪ ಹೊತ್ತು ಬಿಡಿಸಿಕೊಳ್ಳಲಿಲ್ಲ.

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ತಂದೆ ಟ್ಯಾಂಕರಿನ ಕೆಳಗಿನಿಂದ ಎದ್ದು ಬಂದ. ನಾನು ಹೇಳಿದೆ. ಈ ಮಗುವಿಗೆ ಜನ ಗೊತ್ತಾಗುತ್ತಾರೆ. ತನಗೆ ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುತ್ತದೆ, ತಪ್ಪು ಮಾಡಿದವರನ್ನು ತಿದ್ದುತ್ತದೆ, ತಿದ್ದಿ ತಾಯಿಯ ಮುಖ ನೋಡುತ್ತದೆ. ಮಾತು ನಿಧಾನ, ಅದು ಬರುತ್ತದೆ. ಬೇಕಾದದ್ದು ಜೊತೆಯ ಮಕ್ಕಳು. ಅದಕ್ಕೆ ಶಿರಾಕ್ಕೆ ಹೋಗಬೇಕಾಗಿಲ್ಲ, ಬೆಳಿಗ್ಗೆ ಅಂಗನವಾಡಿಗೆ ಬಿಟ್ಟರೆ ಸಾಕು. ಆರು ತಿಂಗಳಲ್ಲಿ ಮಾತು ಬರದಿದ್ದರೆ ಆಗ ತುಮಕೂರಿನಲ್ಲಿ ಡಾಕ್ಟರಿಗೆ ತೋರಿಸಿ.

"ಬೆರಳು ಮಡ್ಚಿದ್ಕೇ ಪಾಸಾ ಸಾ?" ಎಂದರು ಅತ್ತಿಗೆ. "ನಮ್ ಮನೆ ನಾಯಿ ಕೈ ಕೊಡ್ತೈತೆ. ಅದ್ನೂ ಇಸ್ಕೂಲಿಗ್ ಸೇರುಸ್ಲಾ?"

ತಂದೆ ನಕ್ಕುಬಿಟ್ಟ. ತಾಯಿಯೂ ನಕ್ಕಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮುಖ ನೋಡ್ತು ಅಂತೀರಲ್ಲ, ಯಾರ್ ಕಂಡ್ರು? ನಾ ಒಳ್ಗಿದ್ದೆ. ಇವ್ನು ಗಾಡಿ ಕೆಳ್ಗವ್ನೆ."

"ನಾನು ನೋಡಿದೆ," ಎಂದೆ.

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನಿಮ್ಗೆ ಮಕ್ಳೆಷ್ಟು ಸಾ?"

"ಮದುವೆ ಆಗಿಲ್ಲ."

"ಮನೇಲಿ ಯಾರ್ಯಾರವ್ರೆ?"

"ಒಬ್ಬನೇ."

ಇನ್ನೇನೋ ಚುಚ್ಚಲು ಸಿದ್ಧವಾಗಿದ್ದ ಅವರ ಬಾಯಿ ಹಾಗೇ ಮುಚ್ಚಿಕೊಂಡಿತು. ಅವರು ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ನಿಪ್ಪಟ್ಟು ತಂದು ನನ್ನ ಮುಂದೆ ಇಟ್ಟರು. "ತಿನ್ನಿ," ಎಂದರು. ಅಂದು ಕೇಳಿದ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದು.

ತಂದೆ ಮಗುವನ್ನು ಎತ್ತಿ ಟ್ಯಾಂಕರಿನ ಬಾನೆಟ್ ಮೇಲೆ ಕೂರಿಸಿದ. "ಇಲ್ಲೇ ಇರ್ಲಿ ಬುಡಕ್ಕ. ಬೆಳಿಗ್ಗೆ ಗಾಡಿ ತೆಗೆಯೋವಾಗ ಸೆಂಟರಿಗೆ ನಾನೇ ಬಿಟ್ಟು ಬತ್ತೀನಿ."

"ನಿನ್ ಮಗು, ನಿನ್ ಇಷ್ಟ. ನಾಳೆ ಮೂಗಿಯಾದ್ರೆ ನನ್ನ ಕೇಳ್ಬ್ಯಾಡ," ಎಂದರು ಅತ್ತಿಗೆ. ಹಾಗಂದವರು ಹೋಗಿ ಮಗುವಿನ ಕಾಲಿಗೆ ಬಣ್ಣದ ಚಪ್ಪಲಿ ಹಾಕಿದರು.

ಮಗುವಿನ ತಾಯಿ ಚಪ್ಪರದ ಕೆಳಗೆ ಹೋಗಿ, ನಾನು ಬೆರಳು ತೋರಿಸಿದ ಎಳೆಗಾಯಿಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಮುಟ್ಟಿ ನೋಡುತ್ತಿದ್ದಳು.

ಆ ಕೆಲಸ ಹೆಚ್ಚು ದಿನ ನಡೆಯಲಿಲ್ಲ. ಯೋಜನೆ ಮುಗಿಯಿತು, ರೂಮು ಖಾಲಿ ಮಾಡಿದೆ. ಕಿಟಕಿಯಲ್ಲಿದ್ದ ಲೋಟ ಅಲ್ಲೇ ಮರೆತು ಬಂದೆ. ಬೇರೆ ಊರು, ಬೇರೆ ಕೆಲಸ. ಯಾರಾದರೂ ಹಳೆಯ ಕೆಲಸದ ಬಗ್ಗೆ ಕೇಳಿದರೆ ಈ ಸೋರೆಕಾಯಿಯ ಕತೆ ಹೇಳುತ್ತಿದ್ದೆ. ಕೇಳಿದವರು ನಗುತ್ತಿದ್ದರು. ಹೇಳಿದ ಹಾಗೆಲ್ಲ ಕತೆ ಚೆನ್ನಾಗುತ್ತಾ ಹೋಯಿತು. ಒಮ್ಮೆ ಹೇಳುವಾಗ, ತಾಯಿಯ ಮುಖ ನೋಡಿ ಮಗು ನಕ್ಕಿತು ಎಂದು ನನ್ನ ಬಾಯಲ್ಲೇ ಬಂತು. ಹಾಗೆ ನಕ್ಕದ್ದು ಅಲ್ಲಿಯವರೆಗೆ ಎಂದೂ ಹೇಳಿರಲಿಲ್ಲ. ನಗು ನಾನು ಸೇರಿಸಿದ್ದು ಎಂದಾದರೆ, ನೋಟವನ್ನೂ ನಾನೇ ಸೇರಿಸಿರಬಾರದೇಕೆ? ಆ ಮನೆಯಲ್ಲಿ ನನ್ನ ಮಾತು ಗೆದ್ದದ್ದು ಆ ನೋಟದ ಬಲದಿಂದ. ಅಂದೇ ಕಂಡದ್ದೋ, ಕಾಣಬೇಕೆಂದು ಕಂಡದ್ದೋ? ಮಗುವಿಗೆ ಮಾತು ಬರದೇ ಹೋಗಿದ್ದರೆ? ಈ ಪ್ರಶ್ನೆ ಒಮ್ಮೆ ಎದ್ದ ಮೇಲೆ ಮಲಗಲಿಲ್ಲ.

ಕೆಲವು ವರ್ಷಗಳ ನಂತರ, ಪಾವಗಡಕ್ಕೆ ಬೇರೆ ಕೆಲಸದ ನೆಪ ಮಾಡಿಕೊಂಡು ಹೋದೆ. ಮನೆ ಅಲ್ಲೇ ಇತ್ತು. ಪ್ಯಾನೆಲ್‌ಗಳೂ ಇದ್ದವು. ಚಪ್ಪರಕ್ಕೆ ಗಳದ ಬದಲು ಕಬ್ಬಿಣದ ಪೈಪು ಬಂದಿತ್ತು. ಅದರ ಮೇಲೆ ಸೋರೆ ಬಳ್ಳಿ. ಮಗುವಿನ ತಾಯಿ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ನನ್ನ ಗುರುತು ಸಿಗಲಿಲ್ಲ. ಕರೆಂಟಿನವರಾ, ಸರ್ವೆಯವರಾ ಎಂದು ಕೇಳಿದಳು. ಹೇಳಿದೆ. ಮಗುವನ್ನು ನೋಡಲು ಬಂದಿದ್ದೆ, ಗೊಂಬೆ, ಚೆಂಡು ತಂದಿದ್ದೆ, ನಿಮ್ಮ ವದಿನ ಇದ್ದರು.

ಅವಳು ಮೊರ ಕೆಳಗಿಟ್ಟು ಯೋಚಿಸಿದಳು. "ಹೂಂ, ಬಂದಿದ್ರು ಒಬ್ರು. ಮೇಡಂ ಅಲ್ವಾ ಅವ್ರು?"

"ಮೇಡಂ ಅಲ್ಲ, ನಾನೇ."

"ಮೇಡಂ ಸಾ. ಕನ್ನಡಕ ಹಾಕಿದ್ರು. ಬೆರಳು ತೋರ್ಸಿ ನನ್ನ ಸೊರಕಾಯ ಕೊಳೆಸ್ಬಿಟ್ಟು ಹೋದ್ರಲ್ಲ."

ಕನ್ನಡಕ ನಾನು ಎಂದೂ ಹಾಕಿದವನಲ್ಲ. "ಕೊಳೆಯಿತಾ?" ಎಂದೆ.

"ಮೂರ್ ದಿನಕ್ಕೇ ಹೋಯ್ತು. ನೆನಪಿಲ್ದೆ ಇರುತ್ತಾ?"

"ಆಗ ನಿಮ್ಮ ಮಗಳು ಬಂದು ಬೆರಳು ಮಡಚಿದಳಲ್ಲ. ಮಡಚಿ ನಿಮ್ಮ ಮುಖ ನೋಡಿದಳು."

"ಪಾಪನಾ?" ಅವಳು ನಕ್ಕಳು. "ಇಲ್ಲ ಸಾ. ನಾನ್ ಕೂಗ್ದೆ, ಮೇಡಮ್ಮೇ ಮಡ್ಚ್ಕೊಂಡ್ರು." ನನ್ನ ಮುಖದಲ್ಲಿ ಏನು ಕಂಡಿತೋ, ಕೂಡಲೇ ಮರ್ಯಾದೆಗೆ ಹೇಳಿದಳು, "ಇರ್ಬೋದು ಬಿಡಿ ಸಾ. ನೀವೇ ಇರ್ಬೋದು. ನನಗೂ ಆ ದಿನ ತಲೆ ಸರಿಯಿರ್ಲಿಲ್ಲ. ವದಿನ ಪಾಪನ್ನ ಕರ್ಕೊಂಡೋಗ್ಬಿಡ್ತಾರೆ ಅಂತ ರಾತ್ರಿಯೆಲ್ಲ ಅತ್ತಿದ್ದೆ."

ನಾನು ಹೋಗಿರದಿದ್ದರೂ ಅವಳ ನೆನಪಿನಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲ. ನನ್ನ ಜಾಗದಲ್ಲಿ ಕನ್ನಡಕದ ಹೆಂಗಸೊಬ್ಬಳು ಆರಾಮಾಗಿ ನಿಂತಿದ್ದಳು. ನೀರು ಕೊಟ್ಟಳು, ಕುಡಿದೆ. ಇನ್ನು ಕೇಳುವುದು ಏನೂ ಉಳಿದಿರಲಿಲ್ಲ.

ಹೊರಡಲು ಎದ್ದಾಗ ಒಬ್ಬಳು ಹುಡುಗಿ ಯೂನಿಫಾರಂನಲ್ಲಿ ಬ್ಯಾಗು ಎಳೆದುಕೊಂಡು ಬಂದಳು. ಬರುವಾಗಲೇ ಮಾತು. ಇವತ್ತು ಸಾಂಬಾರಿನಲ್ಲಿ ಉಪ್ಪಿರಲಿಲ್ಲ, ಒಬ್ಬಳು ಅವಳ ರಬ್ಬರ್ ಕಚ್ಚಿಹಾಕಿದಳು, ನಾಳೆ ಬಿಳಿ ಸಾಕ್ಸ್ ಬೇಕೇ ಬೇಕು. ಅರ್ಧ ತೆಲುಗು, ಅರ್ಧ ಕನ್ನಡ. ಒಂದೇ ವಾಕ್ಯದೊಳಗೆ ಅಲ್ಲಿಂದಿಲ್ಲಿಗೆ ಹಾರುತ್ತಿತ್ತು.

"ಬಾಯ್ ಮುಚ್ಚೇ ಸ್ವಲ್ಪ, ಯಾರೋ ಬಂದವ್ರೆ," ಎಂದಳು ತಾಯಿ.

ಹುಡುಗಿ ನನ್ನನ್ನು ನೋಡಿದಳು. ಅವಳಿಗೆ ನಾನು ಯಾರೂ ಅಲ್ಲ. ಬಸ್ಸು ನಿಲ್ಲುವ ಜಾಗ ಬದಲಾಗಿದೆ ಎಂದು ಬರುವಾಗ ಕಂಡಕ್ಟರ್ ಹೇಳಿದ್ದ.

"ಮಧುಗಿರಿ ಬಸ್ಸು ಈಗ ಎಲ್ಲಿ ನಿಲ್ಲುತ್ತಮ್ಮ?" ಎಂದು ಕೇಳಿದೆ.

ಅವಳು ಬ್ಯಾಗು ಕೆಳಗೆ ಹಾಕಿ, ಬೇಲಿಯ ಆಚೆ ತಿರುವಿನಲ್ಲಿದ್ದ ಬೇವಿನ ಮರದ ಕಡೆ ಕೈ ಎತ್ತಿ, "ಅಲ್ಲಿ ಅಂಕಲ್," ಎಂದಳು. ತೋರಿಸಿ ಅಮ್ಮನ ಮುಖ ನೋಡಿದಳೋ, ನನ್ನ ಮುಖ ನೋಡಿದಳೋ, ಗಮನಿಸಲಿಲ್ಲ. ನಾನು ಕೈಯನ್ನೇ ನೋಡುತ್ತಿದ್ದೆ. ತೋರುಬೆರಳು ಮಡಚಿತ್ತು.